ಗಡಿಯಾರದ ಕೆಳಗಿನ ಕುರ್ಚಿ

ಅರವತ್ತು ದಾಟಿದ ಮೇಲೆ ಫೌಸ್ತಿನೊಗೆ ಒಂದು ಹೊಸ ಹೆಸರು ಬಂತು. ಬೀರು. ಆ ಹೆಸರಿಟ್ಟವನು ಬ್ಯೂನಸ್ ಐರಿಸ್‌ನ ಬೋಯೆದೊ ಬಡಾವಣೆಯ ಕ್ಲಬ್ಬಿನಲ್ಲಿ ಟ್ಯಾಂಗೊ ಕುಣಿತ ಕಲಿಸುವ ಲಿಸಾಂದ್ರೊ ಮೇಷ್ಟ್ರು. ಮೊದಲ ಪಾಠದ ದಿನವೇ, ಎಲ್ಲರ ಎದುರಿಗೆ, ಅವನು ಫೌಸ್ತಿನೊನ ಬೆನ್ನನ್ನು ಬಾಗಿಲು ತಟ್ಟಿದ ಹಾಗೆ ತಟ್ಟಿ, "ಒಳಗೆ ಯಾರಾದ್ರೂ ಇದ್ದೀರೇನ್ರಪ್ಪಾ? ಇಲ್ಲ ಬರೀ ಬಟ್ಟೆನಾ?" ಎಂದು ಕೇಳಿದ್ದ. ಎಲ್ಲರೂ ನಕ್ಕರು. ಫೌಸ್ತಿನೊ ಕೂಡ ನಕ್ಕ.

ಕುಣಿತ ಅವನ ಜಾಯಮಾನವಲ್ಲ. ಜೀವನವೆಲ್ಲ ಜನರ ಮನೆಗಳಲ್ಲಿ ಗ್ಯಾಸ್ ಕೊಳವೆ ಕೂರಿಸುತ್ತ, ಒಲೆ ಹೀಟರು ರಿಪೇರಿ ಮಾಡುತ್ತ ಕಳೆದವನು. ಹೆಂಡತಿ ದೇಲಿಯಾ ತೀರಿಕೊಂಡ ಮೇಲೆ ಅವನಿಗೆ ಒಂದು ವಿಷಯ ಅರಿವಾಯಿತು: ತಿಂಗಳುಗಟ್ಟಲೆ ತನ್ನನ್ನು ಯಾರೂ ಮುಟ್ಟಿರಲಿಲ್ಲ. ಚೌರದವನು ಬಿಟ್ಟರೆ ಯಾರೂ ಇಲ್ಲ. ಟ್ಯಾಂಗೊದಲ್ಲಾದರೆ ಒಂದು ಹಾಡು ಮುಗಿಯುವಷ್ಟು ಹೊತ್ತು ಗುರುತಿಲ್ಲದ ಹೆಂಗಸೂ ತಬ್ಬಿಕೊಂಡು ನಿಲ್ಲುತ್ತಾಳೆ, ಅದರಲ್ಲಿ ತಪ್ಪೂ ಇಲ್ಲ, ನಾಚಿಕೆಯೂ ಇಲ್ಲ. ಅಷ್ಟಕ್ಕಾಗಿ ಅವನು ಕಲಿಯಲು ಬಂದಿದ್ದ.

ಹೆಜ್ಜೆ ಕಲಿತ. ಕಲಿತದ್ದನ್ನು ತನ್ನ ಮನೆಯ ಅಡಿಗೆಕೋಣೆಯಲ್ಲಿ ಒಬ್ಬನೇ ತಿದ್ದಿಕೊಂಡ. ಆದರೆ ಕಣ್ಣು ಮಾತ್ರ ನೆಲ ಬಿಟ್ಟು ಏಳಲಿಲ್ಲ. "ನೆಲದಲ್ಲಿ ಏನು ಕಳ್ಕೊಂಡಿದ್ದೀಯೋ ಬೀರು? ತಲೆ ಎತ್ತು. ಎತ್ತಿದ್ರೆ ತಾನೇ ಹೆಂಗಸ್ರು ಕಾಣೋದು," ಎಂದು ಮೇಷ್ಟ್ರು ಹಂಗಿಸುತ್ತಿದ್ದ. ಪ್ರತಿ ಶನಿವಾರ ಮಧ್ಯಾಹ್ನ ಅದೇ ಕ್ಲಬ್ಬಿನಲ್ಲಿ ಮಿಲೋಂಗಾ, ಅಂದರೆ ಕುಣಿಯುವವರ ಕೂಟ. ಗಂಡಸರು ಒಂದು ಗೋಡೆಗೆ, ಹೆಂಗಸರು ಎದುರು ಗೋಡೆಗೆ. ಎದ್ದು ಹೋಗಿ ಬಾ ಎಂದು ಕರೆಯುವ ಹಾಗಿಲ್ಲ. ದೂರದಿಂದಲೇ ಕಣ್ಣಿಗೆ ಕಣ್ಣು ಸೇರಬೇಕು, ಆ ಕಡೆಯ ತಲೆ ಚೂರು ಆಡಬೇಕು, ಆಗ ಏಳಬೇಕು. ಫೌಸ್ತಿನೊ ಗೋಡೆಯ ಗಡಿಯಾರದ ಕೆಳಗಿನ ಕುರ್ಚಿಯಲ್ಲಿ ಕೂತು ಒಮ್ಮೆ ಕಣ್ಣೆತ್ತುತ್ತಿದ್ದ, ಯಾರೂ ಸಿಗದೆ ಮತ್ತೆ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಎರಡು ಚಳಿಗಾಲ ಹೀಗೇ ಕಳೆಯಿತು.

ಕೊನೆಗೊಂದು ಶನಿವಾರ ಊರಿಗೆ ಹೊಸಬಳಾದ ಒಬ್ಬ ಹೆಂಗಸು ತಲೆ ಆಡಿಸಿದಳು. ಅವನು ಎದ್ದ. ಹಾಡುಗಳು ಅಲ್ಲಿ ಸರದಿಯಲ್ಲಿ ಬರುತ್ತವೆ. ಒಂದು ಸರದಿ ಮುಗಿಯುವ ತನಕ ಜೊತೆಗಾರರು ಬಿಡುವಂತಿಲ್ಲ. ನಡುವೆ ಬಿಟ್ಟರೆ ಕೆನ್ನೆಗೆ ಹೊಡೆದ ಹಾಗೆ. ಮೊದಲ ಹಾಡು ಇನ್ನೂ ನಡೆಯುತ್ತಿದ್ದಾಗ ಲಿಸಾಂದ್ರೊ ಬಂದು ಅವಳ ಮೊಣಕೈ ಹಿಡಿದ. "ಬೀರು ಸಾಗ್ಸೋಕೆ ನಾಲ್ಕು ಆಳು ಬೇಕು ಮಗಳೇ, ಒಬ್ಳೇ ಯಾಕೆ ಸೊಂಟ ಮುರ್ಕೊತೀಯ," ಎಂದು ಅವಳನ್ನು ತಾನೇ ಕರೆದುಕೊಂಡು ಹೋದ. ಫೌಸ್ತಿನೊ ನಡು ನೆಲದಲ್ಲಿ ಎರಡು ಕೈ ಅಗಲಿಸಿಕೊಂಡು ನಿಂತಿದ್ದ. ಕುಣಿಯುವವರು ಅವನನ್ನು ಬಳಸಿಕೊಂಡು ಹೋಗುತ್ತಿದ್ದರು, ಹೊಳೆಯ ನಡುವಿನ ಬಂಡೆಯನ್ನು ನೀರು ಬಳಸುವ ಹಾಗೆ.

ಅವತ್ತು ಕುರ್ಚಿಗೆ ವಾಪಸು ಬಂದು ಕೂತವನು ಬೇರೆಯೇ ಮನುಷ್ಯ. ಅವನಿಗೆ ಸಿಟ್ಟಿರಲಿಲ್ಲ. ಸಿಟ್ಟಿನಲ್ಲಿ ಕೊಳವೆ ಕೂರಿಸಿದರೆ ಎಲ್ಲೋ ಒಂದು ಕಡೆ ಸೋರುತ್ತದೆ ಎಂಬುದು ಅವನ ಕಸುಬು ಕಲಿಸಿದ ಪಾಠ.

ಲಿಸಾಂದ್ರೊ ಕ್ಲಬ್ಬಿನ ಮಾಳಿಗೆಯ ಮೇಲಿನ ಒಂಟಿ ಕೋಣೆಯಲ್ಲಿ ವಾಸವಿದ್ದ. ಶನಿವಾರ ಮಧ್ಯಾಹ್ನ ಊಟ ಮಾಡಿ, ವೈನ್ ಕುಡಿದು, ಹೀಟರ್ ಹಚ್ಚಿ ಮಲಗುವುದು ಅವನ ಪದ್ಧತಿ. ಮಿಲೋಂಗಾ ರಂಗೇರಿ, ಕತ್ತಲು ಕವಿಯುವ ಹೊತ್ತಿಗೆ ಎದ್ದು, ತಲೆಗೆ ಎಣ್ಣೆ ಸವರಿ ರಾಜನ ಹಾಗೆ ಇಳಿದು ಬರುತ್ತಿದ್ದ. ಆ ಹೀಟರಿನ ಹೊಗೆಕೊಳವೆಯನ್ನು ಹಾಕಿದವನು ಫೌಸ್ತಿನೊನೇ. ಅದು ಸೂರಿನ ಮೇಲೆ ಎಲ್ಲಿ ಬಾಯಿ ತೆರೆಯುತ್ತದೆ, ಆ ಬಾಯಿಗೆ ಏನು ಬಿದ್ದರೆ ಒಳಗೆ ಏನಾಗುತ್ತದೆ, ಎಲ್ಲವೂ ಅವನಿಗೆ ಗೊತ್ತಿತ್ತು. ಬ್ಯೂನಸ್ ಐರಿಸ್‌ನಲ್ಲಿ ಚಳಿಗಾಲ ಬಂದರೆ ಹೀಗೆ ಕೊಳವೆ ಕಟ್ಟಿ, ಕೋಣೆಯಲ್ಲಿ ವಿಷಗಾಳಿ ತುಂಬಿ ಮಲಗಿದಲ್ಲೇ ಸತ್ತವರ ಸುದ್ದಿ ಬರುತ್ತಲೇ ಇರುತ್ತದೆ. ಪಾರಿವಾಳ ಗೂಡು ಕಟ್ಟಿತ್ತಂತೆ, ಪಾಪ, ಎಂದು ಜನ ಮರುಗುತ್ತಾರೆ, ಮರೆಯುತ್ತಾರೆ. ತನ್ನ ಮನೆಯ ಮಾಳಿಗೆಯಲ್ಲಿದ್ದ ಒಂದು ಹಳೆಯ ಗೂಡನ್ನು ಅವನು ಜೋಪಾನವಾಗಿ ಕಿತ್ತು ಕಾಗದದಲ್ಲಿ ಸುತ್ತಿಟ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಇಲ್ಲಿ ಕೋಲೇ ಇರಲಿಲ್ಲ.

ಆದರೂ ಗ್ಯಾಸಿನಿಂದ ಸಾವಾದರೆ ಮೊದಲು ಗ್ಯಾಸಿನವನನ್ನೇ ಕೇಳುತ್ತಾರೆ. ಆಗ ತಾನು ಎಲ್ಲಿದ್ದೆ ಎಂದು ಹೇಳಲು ಊರಿಗೂರೇ ಸಾಕ್ಷಿ ನಿಲ್ಲಬೇಕು. ಅದಕ್ಕೆ ಮಿಲೋಂಗಾದಷ್ಟು ಒಳ್ಳೆಯ ಜಾಗ ಯಾವುದಿದೆ? ಅಲ್ಲಿ ಎಲ್ಲರ ಕಣ್ಣೂ ಕುಣಿಯುವವರ ಮೇಲೆ. ಕೂತವನನ್ನು ಯಾರೂ ನೋಡುವುದಿಲ್ಲ. ಕೋಟು ಕುರ್ಚಿಯ ಮೇಲಿದ್ದರೆ ಅವನೂ ಅಲ್ಲೇ ಇದ್ದ ಎಂದುಕೊಳ್ಳುತ್ತಾರೆ. ಎರಡು ಚಳಿಗಾಲ ತನ್ನನ್ನು ಯಾರೂ ನೋಡದೇ ಇದ್ದದ್ದು ಈಗ ಅವನಿಗೆ ಒಂದು ಆಸ್ತಿಯ ಹಾಗೆ ಕಂಡಿತು. ಅವಮಾನವನ್ನು ಹೀಗೂ ದುಡಿಸಿಕೊಳ್ಳಬಹುದಲ್ಲ ಎಂದು ಒಳಗೊಳಗೇ ಹಿಗ್ಗಿದ.

ಹೊತ್ತು ಆರಿಸುವಾಗಲೂ ಅವನು ಯೋಚಿಸಿಯೇ ಆರಿಸಿದ. ವಾಲ್ಸ್ ಬರುವ ಸರದಿ. ಮೂರು ತಾಳದ ಆ ಹಾಡುಗಳು ಶುರುವಾದರೆ ಎಪ್ಪತ್ತರ ಮುದುಕರೂ ಕೂತಲ್ಲಿ ಕೂರುವುದಿಲ್ಲ, ನೆಲ ತುಂಬಿಹೋಗುತ್ತದೆ. ಫೌಸ್ತಿನೊಗೂ ಅದು ಇಷ್ಟವೇ. ಅವನ ತಾಯಿ ಪಾತ್ರೆ ತೊಳೆಯುತ್ತ ಗುನುಗುತ್ತಿದ್ದದ್ದು ವಾಲ್ಸ್. ಹೋದ ವರ್ಷದ ಕೊನೆಯಲ್ಲಿ, ಹಬ್ಬದ ದಿನ, ಕ್ಲಬ್ಬಿನ ಅಡಿಗೆಮನೆಯ ದೋನ್ಯಾ ಚೋಲಾ ಅವನನ್ನು ತಮಾಷೆಗೆ ಎಳೆದುಕೊಂಡು ಒಂದು ವಾಲ್ಸ್ ಕುಣಿದಿದ್ದಳು. ಅವತ್ತು ಮಾತ್ರ ಅವನು ಕಾಲು ನೋಡಿಕೊಂಡಿರಲಿಲ್ಲ. ಆದರೆ ಅದೆಲ್ಲ ಯಾರಿಗೆ ನೆನಪಿರುತ್ತದೆ?

ಕುಣಿಯುವ ಬೂಟಿನ ಅಟ್ಟೆಗೆ ಮಾಳಿಗೆಯ ಟಾರು ಹತ್ತಬಾರದು. ಅದಕ್ಕೆ ಬೂಟಿನ ಚೀಲದಲ್ಲಿ ಒಂದು ಜೊತೆ ರಬ್ಬರ್ ಚಪ್ಪಲಿ. ಗೂಡೂ ಅದೇ ಚೀಲದಲ್ಲಿ. ಬೂಟಿನ ಚೀಲ ಹಿಡಿದು ಬಚ್ಚಲಿನ ಕಡೆಗೆ ಹೋಗುವವನನ್ನು ಮಿಲೋಂಗಾದಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ಬಚ್ಚಲಿನ ಪಕ್ಕದಲ್ಲೇ ಹಿಂದಿನ ಮೆಟ್ಟಿಲು.

ಆ ಶನಿವಾರ ಚಳಿ ಎಲುಬಿಗೆ ಇಳಿಯುವಂತಿತ್ತು. ಫೌಸ್ತಿನೊ ಬಾಗಿಲಲ್ಲಿ ನಾಲ್ಕು ಜನರ ಕೈ ಕುಲುಕಿದ. ಅವನಿಗೆ ಅದು ಹೊಸತು. ವೆರ್ಮುತ್ ವೈನ್ ತರಿಸಿ, ಅರ್ಧ ಕುಡಿದು ಇಟ್ಟ. ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದ, ದೇಲಿಯಾ ಹೆಣೆದ ಮಫ್ಲರನ್ನು ಅದರ ಮೇಲೆ ಹೊದಿಸಿದ. ಎದುರು ಗೋಡೆಯಲ್ಲಿ, ಕಂಬದ ಪಕ್ಕ, ಇರ್ಮಾ ಎಂಬ ದರ್ಜಿ ಹೆಂಗಸು ಕೂತಿದ್ದಳು. ಬೂದು ಬಣ್ಣದ ಉಡುಪು, ಮಡಿಲಲ್ಲಿ ಕೈ. ಅವಳು ಬರಲು ಶುರುಮಾಡಿ ಕೆಲವೇ ತಿಂಗಳಾಗಿತ್ತು. ಯಾವಾಗ ನೋಡಿದರೂ ಅವಳ ಕಣ್ಣು ಅವನ ತಲೆಯ ಮೇಲಿನ ಗಡಿಯಾರದ ಕಡೆಗೇ. ಪಾಪ, ಯಾರೂ ಕರೆಯದೆ ಮನೆಗೆ ಹೋಗುವ ಹೊತ್ತು ನೋಡುತ್ತಾಳೆ ಎಂದು ಅವನು ಎಂದೋ ತೀರ್ಮಾನಿಸಿದ್ದ. ತನಗಿಂತ ಒಂಟಿಯಾದವರೂ ಇದ್ದಾರೆ ಎಂಬುದು ಅವನಿಗೆ ಒಂದು ಬಗೆಯ ಸಮಾಧಾನ ಕೊಡುತ್ತಿತ್ತು.

ವಾಲ್ಸ್ ಶುರುವಾಯಿತು. ಕುರ್ಚಿಗಳು ಕಿರುಗುಟ್ಟಿದವು. ಅವನು ತಲೆ ತಗ್ಗಿಸಿಕೊಂಡೇ ಎದ್ದು, ಗೋಡೆಯ ಪಕ್ಕದಲ್ಲೇ ಸಾಗಿ ಮೆಟ್ಟಿಲು ಸೇರಿದ. ಮೇಲೆ ಕಿಟಕಿಗಳು ಬಿಗಿಯಾಗಿ ಮುಚ್ಚಿದ್ದವು, ಗಾಜಿನ ಮೇಲೆ ಆವಿ ಕಟ್ಟಿತ್ತು. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಅಡಿಗೆಮನೆಯ ತಗಡಿನ ಸೂರಿನ ಮೇಲೆ ಕಾಲಿಟ್ಟು ಕೊಳವೆ ಮುಟ್ಟಿದ, ಬೆಚ್ಚಗಿತ್ತು. ಗೂಡನ್ನು ಅದರ ಬಾಯಿಗೆ ಇಳಿಸಿದ. ಕೆಳಗಿನಿಂದ ವಾಲ್ಸ್ ತೇಲಿ ಬರುತ್ತಿತ್ತು, ತನಗೇ ತಿಳಿಯದಂತೆ ಅವನ ಹೆಜ್ಜೆ ಆ ತಾಳಕ್ಕೆ ಬಿದ್ದಿತ್ತು. ಕೆಳಗೆ ಬಂದು ಕುರ್ಚಿಯಲ್ಲಿ ಕೂತಾಗ ಸರದಿ ಮುಗಿದು, ಜೋಡಿಗಳು ಬೆವರು ಒರೆಸಿಕೊಳ್ಳುತ್ತ ತಮ್ಮ ತಮ್ಮ ಗೋಡೆಗೆ ಮರಳುತ್ತಿದ್ದರು. ಮಿಕ್ಕ ವೆರ್ಮುತ್ತನ್ನು ಅವನು ನಿಧಾನವಾಗಿ ಕುಡಿದ.

ಕತ್ತಲಾದರೂ ರಾಜ ಇಳಿದು ಬರಲಿಲ್ಲ. ಚೋಲಾ ಎಬ್ಬಿಸಲು ಹೋದಳು. ಆಮೇಲೆ ಕೇಳಿದ ಕೂಗಿಗೆ ಹಾಡು ತಾನಾಗಿ ನಿಂತುಹೋಯಿತು.

ಜನ ಮರುಗಿದರು, ಪಾರಿವಾಳಗಳನ್ನು ಬೈದರು. ಹೆಣಕ್ಕೆ ಹೂವು ಕೊಳ್ಳಲು ಫೌಸ್ತಿನೊ ಕೂಡ ಹಣ ಕೊಟ್ಟ. ಎಲ್ಲ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಒಲೆಯ ಮುಂದೆ ಎಂಪನಾಡಾ ಕಡುಬು ಕರಿಯುತ್ತಿದ್ದಾಗ ತಲೆಯ ಮೇಲಿನ ತಗಡು ಸದ್ದು ಮಾಡಿತೆಂದು, ಬೆಕ್ಕಾದರೆ ಅಷ್ಟು ಭಾರ ಇರುವುದಿಲ್ಲವೆಂದು ಚೋಲಾ ಪೊಲೀಸರಿಗೆ ಹೇಳಿಬಿಟ್ಟಳು. ಯಾವಾಗ ಎಂದರೆ, ವಾಲ್ಸ್ ನಡೆಯುವಾಗ. ಎಣ್ಣೆ ಕಾದಿತ್ತು, ಅದಕ್ಕೇ ಬಾಗಿಲಿಗೆ ಬಂದು ಕುಣಿತ ನೋಡಲೂ ಆಗಲಿಲ್ಲ ಎಂದಳು.

ಮುಂದಿನ ಶನಿವಾರ ಇನ್‌ಸ್ಪೆಕ್ಟರ್ ಬಾರ್ರಿಯೆಂತೊಸ್ ಎಲ್ಲರನ್ನೂ ಅದೇ ಕ್ಲಬ್ಬಿನಲ್ಲಿ, ಅವರವರ ಕುರ್ಚಿಯಲ್ಲೇ ಕೂರಿಸಿದ. ಧಡೂತಿ ಮನುಷ್ಯ, ಮೆಲುದನಿ. ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದ. ಫೌಸ್ತಿನೊ ಕಾಯುತ್ತಿದ್ದ ಪ್ರಶ್ನೆ ಬಂದೇ ಬಂತು. ನೀವು ಗ್ಯಾಸಿನ ಕೆಲಸದವರಲ್ಲವೇ, ವಾಲ್ಸ್ ಹೊತ್ತಿನಲ್ಲಿ ಎಲ್ಲಿದ್ದಿರಿ? ಇದೇ ಕುರ್ಚಿಯಲ್ಲಿ, ಎಂದ. ಪಕ್ಕದವನು ಹೌದು ಹೌದು, ಅವರ ಕೋಟು ಇಲ್ಲೇ ಇತ್ತು ಎಂದ. ಅವನ ಆಚೆಯವನು ಮಫ್ಲರನ್ನೂ ನೆನಪಿಸಿಕೊಂಡ. "ಬೀರು ತಾನೇ? ಅದು ಇಟ್ಟ ಜಾಗ ಬಿಟ್ಟು ಎಲ್ಲಿಗೆ ಹೋಗತ್ತೆ ಸಾಹೇಬ್ರೆ," ಎಂದು ಯಾರೋ ಅಂದರು, ನಾಲ್ಕು ಜನ ನಕ್ಕರು. ಆ ಹೆಸರು ಮೊದಲ ಸಲ ಅವನ ಕಿವಿಗೆ ಇಂಪಾಗಿ ಕೇಳಿತು. ಇನ್‌ಸ್ಪೆಕ್ಟರ್ ತಲೆ ಆಡಿಸಿ ಮುಂದಿನವರ ಕಡೆಗೆ ತಿರುಗುತ್ತಿದ್ದ.

ಆಗ ಎದುರು ಗೋಡೆಯಿಂದ ಇರ್ಮಾ ಎದ್ದು ನಿಂತಳು, ಮುಖ ಕೆಂಪಾಗಿತ್ತು. "ತಪ್ಪು ತಿಳ್ಕೋಬೇಡಿ ಸಾಹೇಬ್ರೆ. ಅವ್ರು ಅಲ್ಲಿರ್ಲಿಲ್ಲ. ಹೋದ ವರ್ಷ ನಮ್ಮಕ್ಕ ಹಬ್ಬಕ್ಕೆ ಕರ್ಕೊಂಡು ಬಂದಾಗ ಅವ್ರು ಚೋಲಕ್ಕನ ಜೊತೆ ವಾಲ್ಸ್ ಕುಣಿದದ್ದು ನೋಡಿದ್ದೆ. ಅದಕ್ಕೇ ಇಲ್ಲಿ ಸೇರ್ಕೊಂಡೆ. ಪ್ರತಿ ಶನಿವಾರ, ವಾಲ್ಸ್ ಬಂದಾಗಲೆಲ್ಲ ಆ ಕುರ್ಚಿ ಕಡೆಗೇ ನೋಡ್ತಾ ಕೂತಿರ್ತೀನಿ, ಒಂದ್ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ರೆ ಸಾಕು ಅಂತ. ಅವತ್ತು ಶುರುವಾಗ್ತಿದ್ದ ಹಾಗೇ ಎದ್ದು ಹೋದ್ರು, ಮುಗಿಯೋವರೆಗೂ ಬರ್ಲಿಲ್ಲ. ನಾನು ನೋಡ್ತಿರೋದು ಗೊತ್ತಾಗಿ ತಪ್ಪಿಸ್ಕೊಂಡ್ರು ಅಂತ ಅಂದ್ಕೊಂಡೆ." ಫೌಸ್ತಿನೊ ಸಮಾಧಾನದಿಂದಲೇ ಹೇಳಿದ: "ಆಯಮ್ಮ ನನ್ನನ್ನ ನೋಡೋದಿಲ್ಲ ಸಾಹೇಬ್ರೆ. ನನ್ನ ತಲೆ ಮೇಲಿರೋ ಗಡಿಯಾರ ನೋಡ್ತಾರೆ, ಮನೆಗೆ ಹೋಗೋ ಹೊತ್ತಾಯ್ತಾ ಅಂತ." ಯಾರೂ ನಗಲಿಲ್ಲ. ಪಕ್ಕದವನು ಕುರ್ಚಿಯನ್ನು ಚೂರು ಆಚೆಗೆ ಸರಿಸಿಕೊಂಡ. ಇನ್‌ಸ್ಪೆಕ್ಟರ್ ಅವನ ತಲೆಯ ಮೇಲಕ್ಕೆ ನೋಡಿದ. ಎರಡು ಚಳಿಗಾಲ ಆ ಗೋಡೆಗೆ ಬೆನ್ನು ಕೊಟ್ಟು ನೆಲ ನೋಡುತ್ತ ಕೂತಿದ್ದ ಫೌಸ್ತಿನೊ ಆಗ ಮೊದಲ ಸಲ ತಿರುಗಿ ತಲೆ ಎತ್ತಿದ. ಗಡಿಯಾರದ ಬಿಳಿ ಮುಖದ ಮೇಲೆ ಅಂಕಿಗಳಷ್ಟೇ ಇದ್ದವು. ಮುಳ್ಳುಗಳೇ ಇರಲಿಲ್ಲ.