ಟ್ಯಾಂಕಿನ ಮುಚ್ಚಳ

"ಅಯ್ಯೋ, ಲಾರಿ! ಈ ಕಡೆ ಬನ್ರೀ!"

ಆಸ್ಪತ್ರೆಯ ನರ್ಸಮ್ಮನ ಬೈಕು, ಅವಳ ಅಪ್ಪ ಬಿಟ್ಟುಹೋದ ಹಳೆಯ ಬಂಡಿ, ಸೇತುವೆಯ ನಟ್ಟನಡುವೆ ನಿಂತುಬಿಟ್ಟಿತ್ತು. ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗಲಿಲ್ಲ. ಯಾರೋ ಓಡಿಬಂದು ಬಂಡಿ ಸಮೇತ ಅವಳನ್ನು ಬದಿಗೆ ಎಳೆದ. ಲಾರಿ ಮೊಣಕೈ ಸವರಿದಂತೆ ಹಾದುಹೋಯಿತು.

ಅವನು ಸೇತುವೆ ತುದಿಯ ಗ್ಯಾರೇಜಿನ ಮೆಕ್ಯಾನಿಕ್. ಅಲ್ಲೇ ಎಂಜಿನ್ನಿಗೆ ಪೆಟ್ರೋಲ್ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ತೋರಿಸಿದ.

"ನೋಡಿ ಮೇಡಂ, ಪೆಟ್ರೋಲಲ್ಲಿ ನೀರು ಸೇರಿದೆ. ಟ್ಯಾಂಕಿಗೆ ನೀರು ಹೋಗದ ಹಾಗೆ ನೋಡ್ಕೊಳ್ಳಿ."

ಹೆದರಿದ್ದ ನರ್ಸಮ್ಮ ಮನೆಗೆ ಹೋದವಳೇ ಟ್ಯಾಂಕಿನ ಮುಚ್ಚಳ ತಿರುವಿ ನೋಡಿದಳು. ಒಳಬದಿಯಲ್ಲಿ ಸೂಜಿಮೊನೆಯಷ್ಟು ತೂತು! ಗಾಯಕ್ಕೆ ಹಾಕುವ ಅಂಟುಪಟ್ಟಿಯನ್ನು ಎರಡು ಪದರ ಬಿಗಿಯಾಗಿ ಅಂಟಿಸಿದಳು. ವಾರಕ್ಕೊಮ್ಮೆ ಬದಲಿಸಿದಳು ಕೂಡ. ಪಾಪ, ಅಚ್ಚುಕಟ್ಟಿನ ಹುಡುಗಿ!

ಆದರೂ ಬಂಡಿ ಮತ್ತೆ ಅದೇ ಸೇತುವೆಯ ಮೇಲೆ ನಿಂತಿತು. ಒಂದಲ್ಲ, ಮೂರು ಸಲ! ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಅವನು ಮುಚ್ಚಳ ತೆಗೆದು, ಪೆಟ್ರೋಲ್ ಇದೆಯಾ ಎಂದು ಇಣುಕಿ, ಒಂದೇ ಕಿಕ್ಕಿಗೆ ಸ್ಟಾರ್ಟ್ ಮಾಡುತ್ತಿದ್ದ.

"ಬೇಕಂತಲೇ ಅರ್ಧಂಬರ್ಧ ರಿಪೇರಿ ಕಣೇ, ನೀನು ಬರ್ತಾ ಇರಲಿ ಅಂತ," ಎಂದು ಆಸ್ಪತ್ರೆಯ ಆಯಾ ತಲೆಗೆ ಹುಳ ಬಿಟ್ಟಳು.

ಮರುದಿನ ಡ್ಯೂಟಿಗೆ ಹೋಗುವ ಮೊದಲೇ ನರ್ಸಮ್ಮ ಗ್ಯಾರೇಜಿಗೆ ನುಗ್ಗಿದಳು.

"ನನ್ನ ಪ್ರಾಣದ ಜೊತೆ ಆಟ ಆಡ್ತಿದ್ದೀರಾ? ನಾನು ಬರಲಿ ಅಂತ ಬಂಡಿ ಕೆಡಿಸ್ತಿದ್ದೀರಾ?"

ಅವನ ಮುಖ ಕಪ್ಪಿಟ್ಟಿತು.

"ನೀವು ಬಂದ್ರೆ ಖುಷಿಯಾಗೋದು ನಿಜ. ಆದ್ರೆ ಅಷ್ಟು ಕೆಟ್ಟೋನಲ್ಲ ಮೇಡಂ. ಇವತ್ತು ಏನೂ ಬಿಚ್ಚಲ್ಲ. ನೀವು ತಂದ ಹಾಗೇ ನಾನೇ ಓಡಿಸಿ ನೋಡ್ತೀನಿ."

ಹೋದ. ಐದು ನಿಮಿಷ... ಹತ್ತು... ಅರ್ಧ ಗಂಟೆ...

ಆಮೇಲೆ ಸೇತುವೆಯ ಕಡೆಯಿಂದ ಕಿರ್‍ರೆಂದು ಬ್ರೇಕಿನ ಸದ್ದು. ಜನರ ಕೂಗಾಟ!

'ದೇವರೇ... ನನ್ನ ಮಾತಿಗೆ ಹೋದ್ನಲ್ಲ!'

ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಾಗಲಿಲ್ಲ. ಅಡ್ಡಲಾಗಿ ನಿಂತ ಲಾರಿ. ರಸ್ತೆಯಲ್ಲಿ ಉರುಳಿದ್ದ ಹೆಲ್ಮೆಟ್. ಹ್ಯಾಂಡಲ್ ಸೊಟ್ಟಗಾಗಿ ಕಂಬಿಗೆ ಒರಗಿದ್ದ ಬೈಕು. ಅವನು ಮಾತ್ರ ಇಲ್ಲ! ಸೇತುವೆಯ ಕೆಳಗೆ ಬಗ್ಗಿ ನೋಡುವ ಧೈರ್ಯ ಅವಳಿಗೆ ಬರಲಿಲ್ಲ.

"ಮೇಡಂ... ಇಲ್ಲಿದ್ದೀನಿ."

ಬೈಕಿನ ಮರೆಯಲ್ಲಿ ಕುಳಿತಿದ್ದ. ಮೊಣಕೈ ತರಚಿ ರಕ್ತ ಬರುತ್ತಿತ್ತು. ಕೈಯಲ್ಲಿ ಮಾತ್ರ ಟ್ಯಾಂಕಿನ ಮುಚ್ಚಳ!

"ಸೇತುವೆ ಮೇಲೆ ನಂಗೂ ನಿಂತೇಬಿಡ್ತು! ಕಾರಣ ಸಿಕ್ತು! ಈ ತೂತಿಂದ ಗಾಳಿ ಒಳಗೆ ಹೋದ್ರೇನೇ ಪೆಟ್ರೋಲ್ ಕಾರ್ಬ್ಯುರೇಟರಿಗೆ ಇಳಿಯೋದು. ನಾನು ಪ್ರತಿ ಸಲ ಮುಚ್ಚಳ ತೆಗೀತಿದ್ದೆ, ಅದಕ್ಕೇ ಸ್ಟಾರ್ಟ್ ಆಗ್ತಿತ್ತು. ಮುಚ್ಚಳ ತಿರುಗಿಸಿ ನೋಡ್ಲೇ ಇಲ್ಲ, ನಾನೂ ಪೆದ್ದ! ಈ ಪಟ್ಟಿ ಯಾರು ಅಂಟಿಸಿದ್ದು?"

"ನಾನೇ... ನೀರು ಹೋಗಬಾರದು ಅಂದ್ರಲ್ಲ..." ಅವಳ ಅಳು ಕಟ್ಟೆಯೊಡೆಯಿತು. "ನೀವು ಹೋಗೇಬಿಟ್ರಿ ಅಂದ್ಕೊಂಡೆ! ಬಂಡಿ ಹಾಳಾಗಿ ಹೋಗ್ಲಿ, ನಂಗೆ ನೀವು ಬೇಕು!"

ಅವನು ಅವಳನ್ನೇ ನೋಡಿದ. ಮುಚ್ಚಳದ ಪಟ್ಟಿಯನ್ನು ಕಿತ್ತೆಸೆದ.

"ಬಂಡಿ ಇನ್ನು ಕೆಡಲ್ಲ ಮೇಡಂ. ಗ್ಯಾರೇಜಿಗೆ ಬರೋಕೆ ನಿಮಗೆ ನೆಪ ಇರಲ್ಲ."

ಅವಳು ಬ್ಯಾಗಿನಿಂದ ಅಂಟುಪಟ್ಟಿ ತೆಗೆದು ಅವನ ಮೊಣಕೈಗೆ ಅಂಟಿಸಿದಳು.

"ದಿನಾ ಬದಲಿಸಬೇಕು. ನಾನೇ ಬರ್ತೀನಿ."

"ಗಾಯ ವಾಸಿಯಾದ ಮೇಲೆ?"

"ಆಗಲೂ ಬರ್ತೀನಿ ಕಣ್ರೀ..."