ದೋಣಿ ನಿಂತ ದಿನಗಳು

ಚಿತ್ತರಂಜನ ದೋಣಿ ಹತ್ತಿದ ಕೂಡಲೇ ಕುಶಲಾ ಇಳಿದುಬಿಟ್ಟಳು. ಇದು ಮೊದಲ ಸಲವೇನಲ್ಲ; ಅವನನ್ನು ಕಳಿಸಿ ತಾನು ಮುಂದಿನ ದೋಣಿಗೆ ಬರುವುದು ಅವಳ ಅಭ್ಯಾಸ.

ಅವನೂ ಇಳಿದ. "ಎಂತ ಮಾರಾಯ್ರೆ, ನನ್ನ ಹತ್ತಿರ ಅಷ್ಟು ವಾಸನೆ ಬರ್ತದಾ?"

"ಮೀನಿನವರ ಮನೆಯವಳ ಹತ್ತಿರ ವಾಸನೆಯ ಮಾತಾ ಸರ್?" ನಗು ಅವಳ ತುಟಿಯವರೆಗೆ ಬಂದು ಅಲ್ಲೇ ನಿಂತಿತು.

ಎಂಬತ್ತಮೂರರ ಮಳೆಗಾಲ. ಅರ್ಥಶಾಸ್ತ್ರದ ಲೆಕ್ಚರರ್ ಚಿತ್ತರಂಜನ ವಾಂತಿಭೇದಿಯ ಸರ್ವೆಗೆಂದು ನದಿಯಾಚೆಯ ಬೆಂಗ್ರೆಗೆ ಹೋಗುತ್ತಿದ್ದ. ಅಲ್ಲಿಯವಳೇ ಆದ ಕುಶಲಾ ಅವನನ್ನು ಕರೆದೊಯ್ಯಲು ಬಂದರಿಗೆ ಬರುತ್ತಿದ್ದಳು. ಕನ್ನಡಕ ಒರೆಸುವ ನೆಪದಲ್ಲಿ ಅವನು ತನ್ನನ್ನು ನೋಡುವುದು ಅವಳಿಗೆ ಗೊತ್ತಿತ್ತು, ಇಷ್ಟವೂ ಆಗುತ್ತಿತ್ತು. ಭಯ ಇದ್ದದ್ದೇ ಅದಕ್ಕೆ.

"ನಾನು ದಾಟಿಸಿದವರು ಹಿಂದೆ ಬರುವುದಿಲ್ಲ," ಎಂದಳು.

ತಂಗಿ ಅಪ್ಪಿಗೆ ವಾಂತಿಭೇದಿಯಾದಾಗ, ಆಸ್ಪತ್ರೆಗೆ ಹೋದವರು ಉಳಿಯುವುದಿಲ್ಲ ಎಂದು ಊರೆಲ್ಲ ತಡೆದಿತ್ತು. ಇವಳೇ ಹಟ ಹಿಡಿದು ಈಚೆಯ ಆಸ್ಪತ್ರೆಗೆ ದಾಟಿಸಿದ್ದಳು; ಅಪ್ಪಿ ಹಿಂದೆ ಬರಲಿಲ್ಲ. ಈಗಲೂ ದೋಣಿಯಲ್ಲಿ ಕೂತರೆ ತೊಡೆಯ ಮೇಲೆ ಆ ತಲೆಯ ಭಾರ. ಅದೇ ಸ್ವರ: "ಅಕ್ಕಾ, ಇನ್ನೆಷ್ಟು ದೂರ?"

"ನಾನೇ ಕೊಂದದ್ದಾ? ನಿಮ್ಮ ಲೆಕ್ಕದಲ್ಲಿ ನೋಡಿ ಹೇಳಿ ಸರ್."

"ಆಸ್ಪತ್ರೆಗೆ ಹೋದವರೇ ಹೆಚ್ಚು ಸತ್ತದ್ದು ಹೌದು. ಆದರೆ ಕಾಯಿಲೆ ತೀರಾ ಜೋರಾದವರೇ ಅಲ್ಲವಾ ಹೋಗುವುದು? ಹಾಗೆ ಹೋಲಿಸಿದರೆ ಮೋಸ." ಅವನು ಹೊಳೆಯತ್ತ ನೋಡಿದ. "ಗಾಳಿ ಎದ್ದು ದೋಣಿ ನಿಂತ ದಿನಗಳು ಉಂಟಲ್ಲ? ಯಾರ ಕಾಯಿಲೆ ಎಷ್ಟು ಜೋರು ಅಂತ ಗಾಳಿಗೆ ಗೊತ್ತಿಲ್ಲ. ಆ ದಿನ ಕಾಯಿಲೆ ಬಿದ್ದವರನ್ನೂ, ಅದೇ ಮಳೆಗಾಲದಲ್ಲಿ ದೋಣಿ ಓಡಿದ ದಿನ ಬಿದ್ದವರನ್ನೂ ಹೋಲಿಸಿ ನೋಡುವ."

ಮಳೆಗಾಲವಿಡೀ ಕುಶಲಾ ಕಾಯಿಲೆಯಲ್ಲಿ ಸತ್ತವರ, ಉಳಿದವರ ಮನೆಗಳ ಮೆಟ್ಟಿಲು ಹತ್ತಿದಳು. ಎಲ್ಲ ಕಡೆ ಒಂದೇ ಪ್ರಶ್ನೆ: ಬಿದ್ದ ದಿನ ದೋಣಿ ಇತ್ತಾ? ಉತ್ತರ ಕೇಳಿಸಿಕೊಳ್ಳುವಾಗೆಲ್ಲ ಅಪ್ಪಿ ಬೆನ್ನ ಹಿಂದೆಯೇ ನಿಂತಿದ್ದಾಳೆ ಅನ್ನಿಸುತ್ತಿತ್ತು.

ಮಳೆ ನಿಂತ ಮೇಲೆ, ಅದೇ ಬಂದರಿನಲ್ಲಿ ಅವನು ಹೇಳಿದ: "ದೋಣಿ ನಿಂತ ದಿನ ಬಿದ್ದವರೇ ಹೆಚ್ಚು ಸತ್ತದ್ದು. ದಾಟಿದ್ದರೆ ಸುಮಾರು ಜನ ಉಳಿಯುತ್ತಿದ್ದರು."

"ಮತ್ತೆ ಅಪ್ಪಿ?"

ಸುಳ್ಳು ಹೇಳುವುದು ಸುಲಭವಿತ್ತು. ಅವನು ಹೇಳಲಿಲ್ಲ.

"ಒಬ್ಬಳ ವಿಷಯ ಲೆಕ್ಕಕ್ಕೆ ಗೊತ್ತಾಗುವುದಿಲ್ಲ ಕುಶಲಾ. ದಾಟಿಸದಿದ್ದರೆ ಎಂತಾಗ್ತಿತ್ತು ಅಂತ ಯಾರೂ ನೋಡಲಿಲ್ಲ. ಆದರೆ ನಾಳೆ ನಾನು ಕಾಯಿಲೆ ಬಿದ್ದರೆ ನನ್ನನ್ನು ನೀವೇ ದಾಟಿಸಬೇಕು. ಬೇರೆ ಯಾರೂ ಬೇಡ."

ಕುಶಲಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನಿನ್ನ ತಪ್ಪಿಲ್ಲ ಎಂದು ಎಷ್ಟೋ ಜನ ಹೇಳಿದ್ದರು, ಯಾರನ್ನೂ ನಂಬಲಾಗಿರಲಿಲ್ಲ. ಗೊತ್ತಿಲ್ಲ ಎಂದ ಇವನನ್ನು ನಂಬಿದಳು.

ದೋಣಿಯ ಗಿರಿಯಪ್ಪ ಕೂಗು ಹಾಕಿದ. ಅವಳು ಹತ್ತಿ, ಪಕ್ಕದ ಹಲಗೆ ತಟ್ಟಿದಳು. "ಬನ್ನಿ. ನಿಮ್ಮನ್ನು ಬಿಟ್ಟು ಹೋಗಲಿಕ್ಕೆ ಇನ್ನು ನನ್ನಿಂದ ಆಗುವುದಿಲ್ಲ."

ನಡುಹೊಳೆಯಲ್ಲಿ ತೊಡೆಗೆ ಮತ್ತೆ ಆ ಭಾರ. ಅಕ್ಕಾ, ಇನ್ನೆಷ್ಟು ದೂರ?

"ಮನೆ ಬಂತು ಅಪ್ಪಿ," ಎಂದಳು ಕುಶಲಾ, ಗಟ್ಟಿಯಾಗಿಯೇ.

ಯಾರ ಹತ್ತಿರ ಮಾತು ಎಂದು ಚಿತ್ತರಂಜನ ಕೇಳಲಿಲ್ಲ. ಅವಳ ಕೈ ಹಿಡಿದು, ಇನ್ನೊಬ್ಬರಿಗೆ ಜಾಗ ಬಿಟ್ಟು ಸ್ವಲ್ಪ ಸರಿದು ಕೂತ.