ಎರಡನೆಯ ಬಾಟಲಿ

ಒಮಾನಿನ ಪಂದ್ಯದ ಒಂಟೆಗಳ ಉಚ್ಚೆ ಹಿಡಿಯುವುದು ನನ್ನ ಕೆಲಸ. ಶಿಳ್ಳೆ ಹೊಡೆದರೆ ಅವು ಹೊಯ್ಯುತ್ತವೆ. ಅದನ್ನು ಎರಡು ಬಾಟಲಿಗೆ ತುಂಬಿ ಸೀಲು ಹಾಕುತ್ತೇನೆ: ಒಂದು ಉದ್ದೀಪನ ಮದ್ದಿನ ಪರೀಕ್ಷೆಗೆ, ಇನ್ನೊಂದು ತಕರಾರು ಬಂದರೆ ಮರುಪರೀಕ್ಷೆಗೆ. ಬಖೀತನ ಒಂಟೆ ಮಯಾಸಾಳ ಮೊದಲ ಬಾಟಲಿಯಲ್ಲಿ, ಉಚ್ಚೆಯನ್ನು ಎಳೆಎಳೆಯಾಗಿ ಬೇರ್ಪಡಿಸಿ ತೂಗುವ ಯಂತ್ರ ಎಳ್ಳಿಗಿಂತ ಕಡಿಮೆ ಸ್ಟೀರಾಯ್ಡ್ ಹಿಡಿಯಿತು. ವಾರದೊಳಗೆ ಒಂಟೆ ಸತ್ತಿತು. ಎರಡನೆಯದರಲ್ಲೂ ಅದೇ ಸಿಕ್ಕರೆ ಬಖೀತನಿಗೆ ಜೀವಮಾನವಿಡೀ ಪಂದ್ಯವಿಲ್ಲ.

ಅದರ ಸೀಲು ಒಡೆಯಬೇಕಿದ್ದ ಬೆಳಿಗ್ಗೆ ಅವನು ಪ್ರಯೋಗಾಲಯದಲ್ಲೇ ರೇಗಿದ. "ಲೇ ಖಲ್ಫಾನ್, ನಿನ್ನ ಬಾಟಲೀನೇ ಗಲೀಜು ಕಣೋ! ನಾನು ಸೂಜಿ ಚುಚ್ಚಿದ್ದು ನಿಜ ಆದ್ರೆ ಸತ್ತ ಮಯಾಸಾನೇ ಬಂದು ಹೇಳ್ಲಿ. ಹೊಡಿ ಶಿಳ್ಳೆ, ಇನ್ನೊಂದ್ಸಲ ಹಿಡಿ!"

ನನಗೂ ಪಿತ್ತ ನೆತ್ತಿಗೇರಿತು. ಅವನ ಮುಖದೆದುರೇ ಶಿಳ್ಳೆ ಹೊಡೆದೆ.

ಎರಡನೆಯ ಬಾಟಲಿಗಳನ್ನಿಟ್ಟು ಬೀಗ ಹಾಕಿದ ಫ್ರೀಜರಿನೊಳಗೆ ಉಚ್ಚೆ ಸುರಿಯುವ ಸದ್ದು ಕೇಳಿತು. ಬಹಳ ಹೊತ್ತು ಸುರಿಯಿತು.

"ಸಾಕು, ನಿಲ್ಸೋ," ಎಂದ ಬಖೀತ್, ಗೋಡೆಗೆ ಒರಗಿ.

ನಾನು ಆಗಲೇ ನಿಲ್ಲಿಸಿದ್ದೆ.

ಪರೀಕ್ಷೆ ಮಾಡುವ ಶಮ್ಮಾ ಬೀಗ ತೆಗೆದಳು. ಸುತ್ತಲಿನ ಬಾಟಲಿಗಳೆಲ್ಲ ಹೆಪ್ಪುಗಟ್ಟಿ ಕಲ್ಲಾಗಿದ್ದವು. ಮಯಾಸಾಳದು ಮಾತ್ರ ಆಗಷ್ಟೇ ಹಿಡಿದಂತೆ ಬೆಚ್ಚಗಿತ್ತು. ಯಂತ್ರ ಅದರಲ್ಲೂ ಅದೇ ಸ್ಟೀರಾಯ್ಡ್ ತೋರಿಸಿತು.

ಪಂದ್ಯದ ದಿನ ನಾನು ಆ ಬಾಟಲಿಗೆ ತುಂಬಿದ್ದು ಅರ್ಧ ಮಾತ್ರ. ಅಷ್ಟಕ್ಕೆ ನಾನೆಳೆದ ಗೆರೆ ಅದರ ಮೇಲೆ ಇನ್ನೂ ಇದೆ. ಶಮ್ಮಾ ಹೊರತೆಗೆದಾಗ ಅದು ಕತ್ತಿನವರೆಗೆ ತುಂಬಿತ್ತು. ಸೀಲು ಒಡೆದಿರಲಿಲ್ಲ. ಅದರ ಮೇಲಿನ ಸಹಿ ನನ್ನದೇ.